ಬಂಗುಡೆ ಎಂದು ಕನ್ನಡದಲ್ಲಿ ಬರೆದರೆ ಸಹಿ ಯಾಕೆ ತಪ್ಪುತ್ತದೆ?

ಪ್ರಶ್ನೆ: ಸರ್, ಮಲ್ಪೆ ಬಂದರಿನಲ್ಲಿ ಮೀನು ಹರಾಜಿನ ಲೆಕ್ಕ ಇಡುವ ಒಂದು ಆ್ಯಪ್ ಮಾಡುತ್ತಿದ್ದೇನೆ. ಧಕ್ಕೆಯಲ್ಲಿ ನಿಂತವರು ಬೋಟಿನ ಹೆಸರು, ಮೀನು, ಬಾಕ್ಸು, ದರ ಎಲ್ಲ ಫೋನಿನಲ್ಲಿ ನಮೂದಿಸುತ್ತಾರೆ, ಅದು ನಮ್ಮ ಸರ್ವರಿಗೆ ಹೋಗುತ್ತದೆ. ಪ್ರತಿ ರಿಕ್ವೆಸ್ಟಿಗೂ ಒಂದು ಸೀಕ್ರೆಟ್ ಕೀ ಬಳಸಿ ಎಚ್‌ಮ್ಯಾಕ್ ಸಹಿ (ಕೀ ಮತ್ತು ಸಂದೇಶ ಸೇರಿಸಿ ಲೆಕ್ಕ ಹಾಕಿದ ತಾಳೆಯ ಗುರುತು) ಹಾಕುತ್ತೇವೆ. ಮೀನಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಹಿ ಹೊಂದುತ್ತದೆ, ಕನ್ನಡದಲ್ಲಿ ಬರೆದರೆ ಹೊಂದುವುದಿಲ್ಲ. ದಿನಾಂಕವನ್ನು ಓರೆಗೆರೆ ಹಾಕಿ 01/08 ಎಂದು ಬರೆದರೂ ಹೊಂದುವುದಿಲ್ಲ. ಆ್ಯಪ್ ಜಾವಾಸ್ಕ್ರಿಪ್ಟಿನಲ್ಲಿದೆ, ಸರ್ವರ್ ಪಿಎಚ್‌ಪಿ. ಎಚ್‌ಟಿಟಿಪಿಎಸ್ ಇರುವಾಗ ಈ ಸಹಿಯೇ ಯಾಕೆ ಎಂದು ಜೊತೆಗಾರರು ಕೇಳುತ್ತಾರೆ. ಕೀಯನ್ನು ಆ್ಯಪಿನ ಒಳಗೇ ಇಟ್ಟಿದ್ದೇವೆ, ಅದು ಸರಿಯಾ? ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗಿಳಿಯುವ ಮೊದಲು ಮುಗಿಸಬೇಕು. (ಉಡುಪಿಯ ಓದುಗರು)

ಉತ್ತರ: ಮೊದಲು ನಿಮ್ಮ ತಲೆನೋವಿಗೆ ಮದ್ದು ಹೇಳುತ್ತೇನೆ, ಉಳಿದದ್ದು ಆಮೇಲೆ. ನಿಮ್ಮ ಕೋಡನ್ನು ನಾನು ನೋಡಿಲ್ಲ. ಆದರೆ ಕನ್ನಡ ಮತ್ತು ಓರೆಗೆರೆ ಎಂದು ಎರಡು ಲಕ್ಷಣ ಹೇಳಿದಿರಲ್ಲ, ರೋಗ ಗೊತ್ತಾಗಲು ಅಷ್ಟು ಸಾಕು. ಸರ್ವರಿಗೆ ಬಂದ ಜೇಸನ್ನನ್ನು (ಮಾಹಿತಿಯನ್ನು ಪಠ್ಯವಾಗಿ ಕಟ್ಟಿ ಕಳಿಸುವ ರೂಪ) ನೀವು ಬಿಚ್ಚುತ್ತೀರಿ, ಬಿಚ್ಚಿದ್ದರಿಂದ ಮತ್ತೊಮ್ಮೆ ಜೇಸನ್ ಕಟ್ಟುತ್ತೀರಿ, ಆ ಎರಡನೇ ಕಟ್ಟಿನ ಮೇಲೆ ಎಚ್‌ಮ್ಯಾಕ್ ಲೆಕ್ಕ ಹಾಕುತ್ತೀರಿ.

ಜಾವಾಸ್ಕ್ರಿಪ್ಟ್ ಜೇಸನ್ ಕಟ್ಟುವಾಗ ಕನ್ನಡವನ್ನು ಇದ್ದ ಹಾಗೇ ಬಿಡುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ‘ಬಂಗುಡೆ’ ಎಂದರೆ ಬ, ಸೊನ್ನೆ, ಗ, ಉಕಾರ, ಡ, ಎಕಾರ: 6 ಸಂಕೇತ, 18 ಬೈಟು. ಪಿಎಚ್‌ಪಿಯ ಅಭ್ಯಾಸ ಬೇರೆ. ಬೇಡ ಎಂದು ನೀವಾಗಿ ಹೇಳದಿದ್ದರೆ ಅದು ಪ್ರತಿ ಸಂಕೇತವನ್ನೂ ಹಿಂಓರೆಗೆರೆ, ಯು ಅಕ್ಷರ, ನಾಲ್ಕು ಹೆಕ್ಸ್ ಅಂಕಿ ಸೇರಿದ 6 ಬೈಟಿನ ಗುರುತಾಗಿ ಬದಲಿಸುತ್ತದೆ. ಅಲ್ಲಿಗೆ ಅದೇ ಬಂಗುಡೆ 36 ಬೈಟು. ಓರೆಗೆರೆಯದ್ದೂ ಇದೇ ಕತೆ. ಪಿಎಚ್‌ಪಿ ಅದರ ಹಿಂದೆ ಒಂದು ಹಿಂಓರೆಗೆರೆ ಸೇರಿಸುತ್ತದೆ. ಜೇಸನ್ ಓದುವವರಿಗೆ ಎರಡೂ ಒಂದೇ. ಎಚ್‌ಮ್ಯಾಕ್ ಅರ್ಥವನ್ನು ಓದುವುದಿಲ್ಲ, ಬೈಟುಗಳನ್ನು ಓದುತ್ತದೆ. ಒಂದು ಬಿಟ್ ಬದಲಾದರೂ ಉತ್ತರದ 256 ಬಿಟ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ತಿರುಗಿ ಬೀಳುತ್ತವೆ.

ಇದಕ್ಕೆ ಪಿಎಚ್‌ಪಿಯಲ್ಲಿ ಎರಡು ಆಯ್ಕೆಗಳಿವೆ, ಯೂನಿಕೋಡನ್ನೂ ಓರೆಗೆರೆಯನ್ನೂ ಮುಟ್ಟಬೇಡ ಎಂದು ಹೇಳುವಂಥವು. ಅವನ್ನು ಹಾಕಿ ‘ಸರಿಹೋಯಿತು’ ಎಂದುಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಾಳೆ ಯಾರೋ ದರವನ್ನು 250.0 ಎಂದು ಕಳಿಸುತ್ತಾರೆ, ಪಿಎಚ್‌ಪಿ ಅದನ್ನು 250 ಮಾಡುತ್ತದೆ. ಖಾಲಿ ಆಬ್ಜೆಕ್ಟ್ ಬಂದರೆ ಅದು ಖಾಲಿ ಪಟ್ಟಿಯಾಗಿ ಹೊರಬರಬಹುದು. ನಾಡಿದ್ದು ವರದಿ ಕಳಿಸಲು ಪೈಥಾನಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆಯುತ್ತೀರಿ; ಪೈಥಾನ್ ತಾನಾಗಿ ಪ್ರತಿ ಅಲ್ಪವಿರಾಮದ ನಂತರ ಒಂದು ಖಾಲಿ ಜಾಗ ಬಿಡುತ್ತದೆ, ಕನ್ನಡವನ್ನು ಪಿಎಚ್‌ಪಿಯ ಹಾಗೇ ಗುರುತು ಮಾಡುತ್ತದೆ. ಒಂದು ತೂತು ಮುಚ್ಚುವಷ್ಟರಲ್ಲಿ ದೋಣಿಗೆ ಇನ್ನೊಂದು ಕಡೆ ನೀರು ಬರುತ್ತದೆ.

ಸರಿಯಾದ ದಾರಿ ಇದು. ಆ್ಯಪಿನಲ್ಲಿ ಜೇಸನ್ ಪಠ್ಯವನ್ನು ಒಮ್ಮೆ ಮಾತ್ರ ತಯಾರಿಸಿ ಒಂದು ವೇರಿಯೇಬಲಿನಲ್ಲಿ ಇಡಿ. ಅದರ ಮೇಲೇ ಸಹಿ ಹಾಕಿ, ಅದನ್ನೇ ಕಳಿಸಿ. ಆಬ್ಜೆಕ್ಟನ್ನು ಲೈಬ್ರರಿಯ ಕೈಗೆ ಕೊಟ್ಟು ‘ನೀನೇ ಕಟ್ಟು’ ಎನ್ನಬೇಡಿ. ಸರ್ವರಿನಲ್ಲಿ ಬಾಡಿಯ (ರಿಕ್ವೆಸ್ಟಿನ ಒಳಗಿನ ಪಠ್ಯದ) ಕಚ್ಚಾ ಬೈಟುಗಳನ್ನು ಇನ್‌ಪುಟ್ ಸ್ಟ್ರೀಮಿನಿಂದ ನೇರ ಓದಿ, ಅವುಗಳ ಮೇಲೆ ಸಹಿ ಪರೀಕ್ಷಿಸಿ. ಸಹಿ ಹೊಂದಿದ ಮೇಲಷ್ಟೇ ಜೇಸನ್ ಬಿಚ್ಚಿ. ಹಣ ಪಾವತಿಯ ಸೇವೆಗಳೂ ಇದನ್ನೇ ಹೇಳುತ್ತವೆ. ರೇಜರ್‌ಪೇ ತನ್ನ ವೆಬ್‌ಹುಕ್ (ಸೇವೆಯವರು ತಾವಾಗಿ ನಿಮ್ಮ ಸರ್ವರಿಗೆ ಕಳಿಸುವ ಸಂದೇಶ) ಸೂಚನೆಯಲ್ಲಿ ಕಚ್ಚಾ ಬಾಡಿಯನ್ನೇ ಬಳಸಿ, ಬಿಚ್ಚಿ ಬಳಸಬೇಡಿ ಎಂದು ಬರೆದಿದೆ. ಇದರಲ್ಲಿ ಸುರಕ್ಷತೆಯ ಲಾಭವೂ ಇದೆ. ಯಾರು ಕಳಿಸಿದ್ದೆಂದು ಗೊತ್ತಿಲ್ಲದ ಪೊಟ್ಟಣವನ್ನು ಬಿಚ್ಚುವ ಕೆಲಸವೇ ನಿಮ್ಮ ಪಾರ್ಸರಿಗೆ ಬರುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ತಿಳಿದಿರಬೇಕಾದ ಇನ್ನೂ ಒಂದು ಸೂಕ್ಷ್ಮ ಇದೆ, ನಮ್ಮ ಲಿಪಿಯದ್ದೇ. ‘ಕೋಟ’ ಎಂಬ ಊರಿನ ಹೆಸರು ಬರೆಯಿರಿ. ಓಕಾರವನ್ನು ಒಂದೇ ಸಂಕೇತವಾಗಿ ಇಟ್ಟರೆ ಪದಕ್ಕೆ 3 ಸಂಕೇತ, 9 ಬೈಟು. ಅದೇ ಓಕಾರವನ್ನು ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡಾಗಿ ಇಡಲು ಯೂನಿಕೋಡ್ ಒಪ್ಪುತ್ತದೆ. ಆಗ 5 ಸಂಕೇತ, 15 ಬೈಟು. ಪರದೆಯ ಮೇಲೆ ಎರಡಕ್ಕೂ ಕೂದಲಷ್ಟು ವ್ಯತ್ಯಾಸ ಕಾಣದು. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಹೀಗೇ ಎರಡೆರಡು ರೂಪ. ದಾರಿಯಲ್ಲಿ ಯಾವುದೋ ತಂತ್ರಾಂಶ ‘ಶುದ್ಧೀಕರಣ’ ಮಾಡಿ ಒಂದನ್ನು ಇನ್ನೊಂದಕ್ಕೆ ಬದಲಿಸಿದರೆ ಸಹಿ ಹೋಯಿತು. ‘ರ‍್ಯಾಂಕ್’ ಬರೆಯುವಾಗ ನಡುವೆ ಒಂದು ಕಾಣದ ಜೋಡಣೆಯ ಸಂಕೇತ ಇರುತ್ತದೆ. ಕಾಣದ್ದನ್ನೆಲ್ಲ ಕಸ ಎಂದು ಗುಡಿಸುವ ಫಿಲ್ಟರುಗಳು ಅದನ್ನು ತೆಗೆದುಹಾಕುತ್ತವೆ, 3 ಬೈಟು ಮಾಯ. ಹೆಸರುಗಳನ್ನು ಒಂದೇ ರೂಪಕ್ಕೆ ತರುವುದು ಹುಡುಕಾಟಕ್ಕೆ ಒಳ್ಳೆಯದೇ, ಬೇಕೇ ಬೇಕು. ಅದನ್ನು ಸಹಿ ಹಾಕುವ ಮೊದಲು ಆ್ಯಪಿನಲ್ಲಿ ಮಾಡಿ, ಅಥವಾ ಸಹಿ ಪರೀಕ್ಷೆ ಮುಗಿದ ಮೇಲೆ ಸರ್ವರಿನಲ್ಲಿ ಮಾಡಿ. ನಡುವೆ ಮಾತ್ರ ಯಾರೂ ಕೈ ಹಾಕಬಾರದು.

ಈಗ ನಿಮ್ಮ ಜೊತೆಗಾರರ ಪ್ರಶ್ನೆ. ಎಚ್‌ಟಿಟಿಪಿಎಸ್ ಇದ್ದ ಮೇಲೆ ಸಹಿ ಯಾಕೆ?

ನನ್ನ ದೊಡ್ಡಪ್ಪ ಬ್ಯಾಂಕಿನಲ್ಲಿದ್ದವರು. ನಮ್ಮ ಕಡೆ ಇದು ವಿಶೇಷವಲ್ಲ. ಮುಂದೆ ಕೆನರಾ ಬ್ಯಾಂಕ್ ಆದದ್ದು ಮಂಗಳೂರಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಉಡುಪಿಯಲ್ಲೂ 1906ರಲ್ಲೇ ಹುಟ್ಟಿದವು, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕಿನ ಬೇರು. ಪ್ರತಿ ಎರಡನೇ ಮನೆಯಲ್ಲಿ ಒಬ್ಬರು ಬ್ಯಾಂಕಿನವರು. ಆಗ ದೂರದ ಊರಿಗೆ ಹಣ ತುರ್ತಾಗಿ ಹೋಗಬೇಕಾದರೆ ಟಿ.ಟಿ., ಅಂದರೆ ತಂತಿ ಮೂಲಕ. ‘ಇಂಥವರಿಗೆ ಇಷ್ಟು ರೂಪಾಯಿ ಕೊಡಿ’ ಎಂಬ ತಂತಿ ಹೋಗಬೇಕು. ಆ ತಂತಿಯನ್ನು ನಿಜವಾಗಿ ನಮ್ಮ ಶಾಖೆಯೇ ಕಳಿಸಿತೋ, ಬೇರೆ ಯಾರೋ ಅಂಚೆ ಕಚೇರಿಗೆ ಹೋಗಿ ಕಳಿಸಿದರೋ, ಆಚೆಯವರಿಗೆ ತಿಳಿಯುವುದು ಹೇಗೆ? ಅದಕ್ಕೆ ಬೀಗದೊಳಗೆ ಒಂದು ಗುಟ್ಟಿನ ಅಂಕಿ ಪುಸ್ತಕ ಇರುತ್ತಿತ್ತು. ಮೊತ್ತಕ್ಕೆ ಒಂದು ಅಂಕಿ, ತಾರೀಕಿಗೆ ಒಂದು, ಕ್ರಮಸಂಖ್ಯೆಗೆ ಒಂದು. ಕೂಡಿಸಿ ಬಂದದ್ದನ್ನು ತಂತಿಯ ಜೊತೆ ಬರೆಯುವುದು. ಆಚೆಯ ಶಾಖೆ ತನ್ನ ಪುಸ್ತಕ ತೆಗೆದು ಅದೇ ಲೆಕ್ಕ ಮಾಡಿ ತಾಳೆ ನೋಡುವುದು. ತಾಳೆ ಆದರೆ ಹಣ ಕೊಡು, ಇಲ್ಲದಿದ್ದರೆ ನಿಲ್ಲಿಸು. ದೊಡ್ಡಪ್ಪ ಇದನ್ನು ಟೆಸ್ಟ್ ಕೀ ಎನ್ನುತ್ತಿದ್ದರು. ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ನೀವು ಇಂದು ಎಚ್‌ಮ್ಯಾಕ್‌ನಲ್ಲಿ ಮಾಡುತ್ತಿರುವುದು ಅದೇ ಕೆಲಸ, ಲೆಕ್ಕ ಮಾತ್ರ ಬಹಳ ಗಟ್ಟಿ.

ಆ ಪುಸ್ತಕ ಬೀಗದ ಒಳಗೇ ಉಳಿಯುತ್ತಿತ್ತು, ಅದರಿಂದ ಹುಟ್ಟಿದ ಅಂಕಿ ಮಾತ್ರ ತಂತಿಯಲ್ಲಿ ಹೋಗುತ್ತಿತ್ತು. ಎಚ್‌ಟಿಟಿಪಿಎಸ್ ಕೊಡುವುದು ದಾರಿಯ ಗೋಪ್ಯತೆ: ಫೋನಿನಿಂದ ಸರ್ವರಿನ ಬಾಗಿಲಿನ ತನಕ ನಡುವೆ ಯಾರೂ ಓದಲಾರರು, ತಿದ್ದಲಾರರು, ಬಾಗಿಲು ನಿಮ್ಮದೇ ಎಂದು ಫೋನಿಗೆ ಖಾತ್ರಿ. ಬಾಗಿಲು ತಟ್ಟಿದವರು ಯಾರು ಎಂದು ಅದು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕಾಗಿ ಜನ ಟೋಕನ್, ಅಂದರೆ ಗುರುತಿನ ಚೀಟಿಯಂಥ ಒಂದು ಗುಟ್ಟಿನ ಪಠ್ಯ ಕಳಿಸುತ್ತಾರೆ. ಪ್ರತಿ ರಿಕ್ವೆಸ್ಟಿನಲ್ಲೂ ಟೋಕನ್ ಇಡಿಯಾಗಿ ಪ್ರಯಾಣ ಮಾಡುತ್ತದೆ. ಗೂಢಲಿಪಿ ಬಿಚ್ಚುವ ಜಾಗ ಎಷ್ಟೋ ಸಲ ನಿಮ್ಮ ಕೋಡಿಗಿಂತ ಎಷ್ಟೋ ಮುಂಚೆ ಇರುತ್ತದೆ, ಸರ್ವರಿನ ಮುಂದೆ ನಿಂತು ರಿಕ್ವೆಸ್ಟುಗಳನ್ನು ದಾಟಿಸುವ ಲೋಡ್ ಬ್ಯಾಲೆನ್ಸರಿನಲ್ಲೋ ಸಿಡಿಎನ್‌ನಲ್ಲೋ. ಅಲ್ಲಿಂದ ಮುಂದೆ ಲಾಗ್ ಫೈಲಿನಲ್ಲಿ ಟೋಕನ್ ಬಿದ್ದರೆ, ಅದನ್ನು ಓದಿದ ಯಾರೂ ನಾಳೆ ನಿಮ್ಮ ಹೆಸರಿನಲ್ಲಿ ಹೊಸ ನಮೂದು ಹಾಕಬಹುದು. ಲಾಗಿನಲ್ಲಿ ಸಹಿ ಬಿದ್ದರೆ ಆ ಒಂದು ನಮೂದಿನ ಸಹಿ ಮಾತ್ರ ಬಿತ್ತು, ಅದರಿಂದ ಬೇರೊಂದು ನಮೂದು ಹುಟ್ಟಿಸಲಾಗದು. ಇನ್ನು ಹಣದ ಸೇವೆಯವರು ‘ಪಾವತಿ ಆಯಿತು’ ಎಂದು ನಿಮ್ಮ ಸರ್ವರಿಗೆ ಕಳಿಸುವ ವೆಬ್‌ಹುಕ್ ಇದೆಯಲ್ಲ, ಆ ವಿಳಾಸಕ್ಕೆ ಲೋಕದ ಯಾರು ಬೇಕಾದರೂ ಕಳಿಸಬಹುದು. ಅಲ್ಲಿ ಸಹಿ ನೋಡದೆ ಮೀನು ಬಿಟ್ಟುಕೊಟ್ಟರೆ ಕೇಳಬೇಕೇ ಮಾರಾಯ್ರೆ! ಹಾಗಾಗಿ ಎರಡೂ ಇರಲಿ.

‘ಕೀಯನ್ನೂ ಸಂದೇಶವನ್ನೂ ಜೋಡಿಸಿ ಎಸ್‌ಎಚ್‌ಎ-256 ಹಾಕಿದರೆ ಸಾಲದೇ, ಎಚ್‌ಮ್ಯಾಕ್ ಎಂಬ ಬೇರೆ ವಸ್ತು ಯಾಕೆ’ ಎಂದು ಮುಂದೆ ಯಾರಾದರೂ ಕೇಳುತ್ತಾರೆ. ಸಾಲದು. ಎಸ್‌ಎಚ್‌ಎ-256 ಒಂದು ಹ್ಯಾಶ್, ಅಂದರೆ ಎಷ್ಟೇ ಉದ್ದದ ಪಠ್ಯವನ್ನೂ 256 ಬಿಟ್‌ಗಳ ಗುರುತಾಗಿ ಇಳಿಸುವ ಲೆಕ್ಕ. ಅದು ಸಂದೇಶವನ್ನು 64 ಬೈಟುಗಳ ತುಂಡುಗಳಾಗಿ ನುಂಗುತ್ತ ಹೋಗುತ್ತದೆ, ಕೊನೆಯಲ್ಲಿ ತನ್ನ ಒಳಗಿನ ಸ್ಥಿತಿಯನ್ನೇ ಉತ್ತರವಾಗಿ ಹೊರಗಿಡುತ್ತದೆ. ಆ ಉತ್ತರವನ್ನು ಹಿಡಿದವನು ಕೀ ಗೊತ್ತಿಲ್ಲದೆಯೂ ಅಲ್ಲಿಂದ ಮುಂದಕ್ಕೆ ಲೆಕ್ಕ ಮುಂದುವರಿಸಬಹುದು. ಎಂದರೆ ನಿಮ್ಮ ಸಂದೇಶದ ಬಾಲಕ್ಕೆ ತನ್ನದನ್ನು ಅಂಟಿಸಿ, ಸರಿಯಾದ ಸಹಿ ಹಾಕಿ ಕಳಿಸಬಹುದು. ಇದು ಪುಸ್ತಕದ ಬದನೆಕಾಯಿ ಆಗಿರಲಿಲ್ಲ. ಫ್ಲಿಕರ್ ಎಂಬ ಫೋಟೊ ತಾಣದ ಎಪಿಐ (ಬೇರೆ ಆ್ಯಪುಗಳು ಅದರೊಡನೆ ಮಾತಾಡುವ ಬಾಗಿಲು) ಎಂಡಿ5 ಎಂಬ ಹಳೆಯ ಹ್ಯಾಶ್ ಬಳಸಿ ಹೀಗೇ ಕೀ ಮುಂದಿಟ್ಟು ಸಹಿ ಹಾಕುತ್ತಿತ್ತು, 2009ರಲ್ಲಿ ಥಾಯ್ ಡುವಾಂಗ್ ಮತ್ತು ಜೂಲಿಯಾನೊ ರಿಝೊ ಅದನ್ನು ಮುರಿದು ತೋರಿಸಿದರು. ಎಚ್‌ಮ್ಯಾಕ್ ಎರಡು ಸುತ್ತು ಹಾಕುತ್ತದೆ: ಕೀಯ ಒಂದು ರೂಪದ ಜೊತೆ ಸಂದೇಶದ ಹ್ಯಾಶ್, ಆಮೇಲೆ ಕೀಯ ಇನ್ನೊಂದು ರೂಪದ ಜೊತೆ ಆ ಹ್ಯಾಶಿನ ಹ್ಯಾಶ್. ಒಳಗಿನ ಸ್ಥಿತಿ ಹೊರಗೆ ಕಾಣುವುದಿಲ್ಲ, ಬಾಲ ಅಂಟಿಸಲು ತುದಿಯೇ ಸಿಗುವುದಿಲ್ಲ. ಬೆಲ್ಲಾರೆ, ಕನೆಟ್ಟಿ, ಕ್ರಾಚಿಕ್ ಎಂಬ ಮೂವರು 1996ರಲ್ಲಿ ಮುಂದಿಟ್ಟದ್ದು ಇದು, 1997ರಲ್ಲಿ ಆರ್‌ಎಫ್‌ಸಿ 2104 ಎಂಬ ಇಂಟರ್ನೆಟ್ ದಾಖಲೆ ಆಯಿತು. ಮೂವತ್ತು ವರ್ಷ ಪೆಟ್ಟು ತಿಂದು ನಿಂತಿದೆ. ನಾವು ಸ್ವಂತ ಕೈಚಳಕ ತೋರಿಸುವ ಜಾಗ ಇದಲ್ಲ, ಭಾಷೆಯಲ್ಲಿರುವ ಎಚ್‌ಮ್ಯಾಕ್ ಫಂಕ್ಷನ್ನನ್ನೇ ಕರೆಯಿರಿ.

ಕೈಚಳಕಕ್ಕೆ ಜಾಗ ಇರುವುದು, ತಪ್ಪಾಗುವುದೂ, ಯಾವುದರ ಮೇಲೆ ಸಹಿ ಹಾಕುತ್ತೇವೆ ಎಂಬಲ್ಲಿ. ಬರೀ ಬಾಡಿಗೆ ಸಹಿ ಹಾಕಿದರೆ, ನಮೂದು ಹಾಕುವ ವಿಳಾಸಕ್ಕೆಂದು ಬರೆದದ್ದನ್ನು ಅಳಿಸುವ ವಿಳಾಸಕ್ಕೆ ಕಳಿಸಿದರೂ ಸಹಿ ಹೊಂದುತ್ತದೆ. ಆದ್ದರಿಂದ ಪೋಸ್ಟ್ ಅಥವಾ ಗೆಟ್ ಎಂಬ ವಿಧಾನ, ಸರ್ವರಿನ ಹೆಸರು, ಪ್ರಶ್ನಾಭಾಗ (ಪ್ರಶ್ನೆಗುರುತಿನ ನಂತರ ಬರುವುದು) ಸಮೇತ ಪೂರ್ತಿ ವಿಳಾಸ, ಸಮಯ, ಒಮ್ಮೆ ಮಾತ್ರ ಬಳಸುವ ಒಂದು ಯಾದೃಚ್ಛಿಕ ಗುರುತು, ಕೊನೆಗೆ ಬಾಡಿಯ ಎಸ್‌ಎಚ್‌ಎ-256, ಇಷ್ಟನ್ನೂ ಒಂದೊಂದು ಸಾಲಿನಲ್ಲಿ ಬರೆದು ಆ ಪಠ್ಯಕ್ಕೆ ಸಹಿ ಹಾಕಿ. ಯಾವ ಕೀ ಎಂದು ಹೇಳುವ ಕೀ-ಗುರುತನ್ನೂ ಸೇರಿಸಿ.

‘ಒಂದೊಂದು ಸಾಲಿನಲ್ಲಿ’ ಎಂದದ್ದಕ್ಕೆ ಕಾರಣ ಇದೆ. ನಡುವೆ ಗಡಿ ಇಲ್ಲದೆ ಒಟ್ಟಿಗೆ ಅಂಟಿಸಿದಿರಿ ಎಂದುಕೊಳ್ಳಿ. 1 ಬಾಕ್ಸು ಅಂಜಲ್, ದರ 2350 ಎಂಬುದು 12350 ಆಗುತ್ತದೆ. 12 ಬಾಕ್ಸು, ದರ 350 ಎಂಬುದೂ 12350. ಎರಡಕ್ಕೂ ಸಹಿ ಒಂದೇ! ಅಮೆಜಾನ್‌ನ ಕ್ಲೌಡ್ ಸೇವೆಯ ಮೊದಲನೇ ಆವೃತ್ತಿಯ ಸಹಿಯಲ್ಲಿ ಇದೇ ಜಾತಿಯ ತಪ್ಪಿತ್ತು. ಹೆಸರು-ಮೌಲ್ಯಗಳನ್ನು ಗಡಿಯಿಲ್ಲದೆ ಜೋಡಿಸುತ್ತಿದ್ದರು. ಕಾಲಿನ್ ಪರ್ಸಿವಲ್ 2008ರ ಡಿಸೆಂಬರಿನಲ್ಲಿ ಅದನ್ನು ಬಯಲು ಮಾಡಿದರು, ಎರಡನೇ ಆವೃತ್ತಿ ಬಂತು. ಅಷ್ಟು ದೊಡ್ಡವರೇ ಎಡವಿದ ಕಲ್ಲು ಇದು, ನೋಡಿಕೊಂಡು ಹೆಜ್ಜೆ ಇಡಿ.

ವಿಳಾಸದ ಪ್ರಶ್ನಾಭಾಗದಲ್ಲಿ ಕನ್ನಡ ಹಾಕದಿದ್ದರೆ ಒಳ್ಳೆಯದು. ಹಾಕಲೇಬೇಕಾದರೆ ಶೇಕಡಾ ಚಿಹ್ನೆಯ ಗುರುತುಗಳಾಗಿ ಬದಲಾದ ಮೇಲಿನ ರೂಪಕ್ಕೇ ಸಹಿ ಹಾಕಿ. ಖಾಲಿ ಜಾಗವನ್ನು ಕೆಲವು ಲೈಬ್ರರಿ ಕೂಡುಚಿಹ್ನೆ ಮಾಡುತ್ತವೆ, ಕೆಲವು ಶೇಕಡಾ 20 ಮಾಡುತ್ತವೆ. ಆ ಜಗಳ ನಿಮ್ಮ ಮನೆಗೆ ಬೇಡ.

ಸಮಯದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಬಂದರಿನ ಸ್ವಭಾವ ತಿಳಿದಿರಬೇಕು. ಸರಿಯಾದ ಸಹಿ ಇರುವ ಹಳೆಯ ರಿಕ್ವೆಸ್ಟನ್ನು ಹಿಡಿದಿಟ್ಟು ಮತ್ತೆ ಕಳಿಸುವುದನ್ನು ತಡೆಯಲು ಸರ್ವರ್ ಸಮಯ ನೋಡಬೇಕು. ತನ್ನ ಗಡಿಯಾರಕ್ಕೂ ಅದಕ್ಕೂ 5 ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ ತಿರಸ್ಕರಿಸಬೇಕು. ಸ್ಟ್ರೈಪ್ ತನ್ನ ವೆಬ್‌ಹುಕ್ ಲೈಬ್ರರಿಗಳಲ್ಲಿ ಇಟ್ಟಿರುವುದೂ 5 ನಿಮಿಷವೇ. ಸಮಯವನ್ನು ಯೂನಿಕ್ಸ್ ಸೆಕೆಂಡಿನಲ್ಲಿ (1970ರ ಜನವರಿ 1ರಿಂದ ಎಣಿಸಿದ್ದು) ಕಳಿಸಿ. 2026ರ ಆಗಸ್ಟ್ 1ರ ಬೆಳಿಗ್ಗೆ 9 ಗಂಟೆ ಎಂದರೆ 1785555000. ನಮ್ಮ ಗಂಟೆಯನ್ನು ಯುಟಿಸಿ ಎಂದು ತಪ್ಪಾಗಿ ತಿಳಿದರೆ 1785574800 ಬರುತ್ತದೆ. ವ್ಯತ್ಯಾಸ 19800 ಸೆಕೆಂಡು, ಅಂದರೆ ಐದೂವರೆ ಗಂಟೆ. ಮಂಗಳೂರಿನ ಒಂದು ಸಂಸ್ಥೆಗೆ ಕೆಲಸ ಮಾಡುವಾಗ ಮೂವರು ಎರಡು ದಿನ ಎಚ್‌ಮ್ಯಾಕ್ ಕೋಡನ್ನೇ ಅಗೆದೆವು. ಸಹಿ ಸರಿಯೇ ಇತ್ತು, ಸರ್ವರ್ ಸಮಯದ ಕಾರಣಕ್ಕೆ ತಳ್ಳಿಹಾಕಿ ‘ಸಹಿ ತಪ್ಪು’ ಎಂದು ಉತ್ತರಿಸುತ್ತಿತ್ತು. ನಿಮ್ಮ ಲಾಗಿನಲ್ಲಿ 19800 ಕಂಡರೆ ಬೇರೆ ಏನನ್ನೂ ಹುಡುಕಬೇಡಿ. ಮತ್ತು ಲಾಗಿನಲ್ಲಿ ಕಾರಣಗಳನ್ನು ಬೇರೆ ಬೇರೆಯಾಗಿ ಬರೆಯಿರಿ.

ಬೋಟಿನವರ ಫೋನಿನ ಗಡಿಯಾರ ಹತ್ತು ನಿಮಿಷ ಮುಂದಿರುವುದೂ ಉಂಟು. ಸರ್ವರ್ ತನ್ನ ಪ್ರತಿ ಉತ್ತರದಲ್ಲಿ ದಿನಾಂಕದ ಹೆಡರ್ ಕಳಿಸುತ್ತದೆ. ಆ್ಯಪ್ ಅದನ್ನು ಓದಿ ಅಂತರವನ್ನು ನೆನಪಿಟ್ಟು, ಮುಂದಿನ ಸಹಿಯಲ್ಲಿ ಕೂಡಿಸಿ ಕಳೆದು ಹಾಕಿದರೆ ಸಾಕು. ಬಳಕೆದಾರರಿಗೆ ‘ಗಡಿಯಾರ ಸರಿ ಮಾಡಿ’ ಎಂದು ಉಪದೇಶ ಮಾಡಬೇಡಿ. ಬೆಳಗ್ಗಿನ ಹರಾಜಿನ ಗದ್ದಲದಲ್ಲಿ ಅವರಿಗೆ ಪುರುಸೊತ್ತಿಲ್ಲ.

5 ನಿಮಿಷದ ಒಳಗೇ ಮತ್ತೆ ಕಳಿಸಿದರೆ? ಅದಕ್ಕೇ ಆ ಒಮ್ಮೆ ಬಳಸುವ ಗುರುತು, ನಾನ್ಸ್. ನೋಡಿದ ನಾನ್ಸನ್ನು ಸರ್ವರ್ ಬರೆದಿಟ್ಟುಕೊಂಡು ಎರಡನೇ ಸಲ ಬಂದರೆ ತಿರಸ್ಕರಿಸುತ್ತದೆ. ಹಿಂದೆ 5, ಮುಂದೆ 5 ನಿಮಿಷ ಒಪ್ಪುವುದರಿಂದ ಕನಿಷ್ಠ 10 ನಿಮಿಷ ಇಟ್ಟುಕೊಳ್ಳಬೇಕು. ಸಹಿ ಹೊಂದಿದ ಮೇಲೆ ಮಾತ್ರ ಬರೆದಿಡಿ, ಇಲ್ಲದಿದ್ದರೆ ದಾರಿಹೋಕರೆಲ್ಲ ನಿಮ್ಮ ಸಂಗ್ರಹ ತುಂಬಿಸುತ್ತಾರೆ. ‘ಇದೆಯಾ’ ಎಂದು ನೋಡುವುದು, ‘ಇಲ್ಲದಿದ್ದರೆ ಬರೆ’ ಎನ್ನುವುದು ಎರಡೂ ಒಂದೇ ಏಟಿಗೆ ಆಗಬೇಕು. ರೆಡಿಸ್ ಎಂಬ ಡೇಟಾ ಸಂಗ್ರಹದಲ್ಲಿ ಇದಕ್ಕೆ ಆದೇಶ ಇದೆ, ಮೈಎಸ್‌ಕ್ಯುಎಲ್ ಆದರೆ ಯೂನಿಕ್ ಇಂಡೆಕ್ಸ್ ಸಾಕು.

ನೆಟ್‌ವರ್ಕ್ ಹೋಗಿ ಬಂದು ಮಾಡುವ ಜಾಗದಲ್ಲಿ ಇನ್ನೊಂದು ಪೇಚು ಇದೆ, ಇದನ್ನು ನಿಧಾನವಾಗಿ ಓದಿ. ಫೋನ್ ನಮೂದು ಕಳಿಸಿತು, ಸರ್ವರಿಗೆ ತಲುಪಿತು, ಉತ್ತರ ಹಿಂದೆ ಬರುವಾಗ ಸಿಗ್ನಲ್ ಹೋಯಿತು. ಫೋನಿಗೆ ಏನಾಯಿತೆಂದು ಗೊತ್ತಿಲ್ಲ, ಮತ್ತೆ ಕಳಿಸುತ್ತದೆ. ಹಳೆಯ ನಾನ್ಸ್ ಹಾಕಿ ಕಳಿಸಿದರೆ ಸರ್ವರ್ ಕಳ್ಳ ಎಂದು ಓಡಿಸುತ್ತದೆ. ಹೊಸ ನಾನ್ಸ್ ಹಾಕಿದರೆ ಅದೇ 12 ಬಾಕ್ಸು ಎರಡು ಸಲ ಲೆಕ್ಕಕ್ಕೆ ಬೀಳುತ್ತದೆ, ಸಂಜೆ ಬೋಟಿನವರಿಗೂ ವ್ಯಾಪಾರಿಗೂ ಜಗಳ. ಆದ್ದರಿಂದ ನಮೂದಿಗೆ ತನ್ನದೇ ಒಂದು ಸಂಖ್ಯೆ ಇರಲಿ, ಅದನ್ನು ಫೋನೇ ಹುಟ್ಟಿಸಿ ಬಾಡಿಯ ಒಳಗೆ ಇಡಲಿ. ಮತ್ತೆ ಕಳಿಸುವಾಗ ಸಮಯ, ನಾನ್ಸ್, ಸಹಿ ಮೂರೂ ಹೊಸದು. ನಮೂದಿನ ಸಂಖ್ಯೆ ಹಳೆಯದೇ. ಸರ್ವರ್ ಆ ಸಂಖ್ಯೆಯನ್ನು ಈಗಾಗಲೇ ಬರೆದುಕೊಂಡಿದ್ದರೆ ಹಿಂದಿನ ಉತ್ತರವನ್ನೇ ಮತ್ತೊಮ್ಮೆ ಕೊಡಲಿ. ನಾನ್ಸ್ ಕಾಯುವುದು ಕಳ್ಳರಿಂದ, ನಮೂದಿನ ಸಂಖ್ಯೆ ಕಾಯುವುದು ನೆಟ್‌ವರ್ಕಿನಿಂದ. ಒಂದರ ಕೆಲಸ ಇನ್ನೊಂದಕ್ಕೆ ಕೊಟ್ಟ ವ್ಯವಸ್ಥೆಗಳನ್ನು ಬಹಳ ನೋಡಿದ್ದೇನೆ.

ಸಹಿ ಹೋಲಿಸುವಾಗ ಎರಡು ಸಮಚಿಹ್ನೆ ಹಾಕಿ ಹೋಲಿಸಬೇಡಿ. ಸಾಮಾನ್ಯ ಹೋಲಿಕೆ ಮೊದಲ ವ್ಯತ್ಯಾಸ ಸಿಕ್ಕ ಕೂಡಲೇ ನಿಲ್ಲುತ್ತದೆ, ತಗುಲಿದ ಸಮಯ ಅಳೆದು ಎಷ್ಟು ಬೈಟು ಸರಿಯಾಯಿತು ಎಂದು ಊಹಿಸುವ ದಾರಿ ತೆರೆಯುತ್ತದೆ. ಗೂಗಲ್‌ನ ಕೀಝಾರ್ ಲೈಬ್ರರಿಯಲ್ಲೇ 2009ರಲ್ಲಿ ಈ ದೋಷ ಸಿಕ್ಕಿತ್ತು. ಪಿಎಚ್‌ಪಿಯಲ್ಲಿ ಹ್ಯಾಶ್ ಈಕ್ವಲ್ಸ್ ಎಂಬ ಫಂಕ್ಷನ್ 5.6ರಿಂದ ಇದೆ, ಅದನ್ನೇ ಬಳಸಿ.

ಇನ್ನು ಕೀ. ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಚಿಂತೆಯಾದದ್ದು ಈ ಸಾಲು: ‘ಕೀಯನ್ನು ಆ್ಯಪಿನ ಒಳಗೇ ಇಟ್ಟಿದ್ದೇವೆ’. ಆಂಡ್ರಾಯ್ಡ್ ಆ್ಯಪ್ ಬರುವ ಎಪಿಕೆ ಫೈಲು ಒಂದು ಜಿಪ್ ಕಟ್ಟು. ಉಚಿತವಾಗಿ ಸಿಗುವ ಸಲಕರಣೆಯಿಂದ ಯಾರೂ ಬಿಚ್ಚಬಹುದು. ಜಾವಾಸ್ಕ್ರಿಪ್ಟ್ ಆ್ಯಪಿನಲ್ಲಿ ಪಠ್ಯ ಹುಡುಕುವುದು ಇನ್ನೂ ಸುಲಭ. ಎಲ್ಲ ಫೋನಿಗೂ ಒಂದೇ ಕೀ ಇದ್ದು ಅದು ಹೊರಬಿದ್ದರೆ, ಯಾರು ಯಾವ ಬೋಟಿನ ಹೆಸರಿನಲ್ಲೂ ನಮೂದು ಹಾಕಬಹುದು, ಬದಲಿಸಬೇಕೆಂದರೆ ಎಲ್ಲರ ಆ್ಯಪನ್ನೂ ಬದಲಿಸಬೇಕು. ಅದನ್ನು ತೆಗೆಯಿರಿ. ಬಳಕೆದಾರರು ಮೊದಲ ಸಲ ಒಟಿಪಿ ಹಾಕಿ ಒಳಬಂದಾಗ ಆ ಫೋನಿಗೆಂದೇ 32 ಬೈಟಿನ ಹೊಸ ಕೀ ಹುಟ್ಟಿಸಿ ಕೊಡಿ. ಆಂಡ್ರಾಯ್ಡ್ 6ರಿಂದ ಕೀಗಳಿಗೆಂದೇ ಇರುವ ಕೀಸ್ಟೋರಿನಲ್ಲಿ ಎಚ್‌ಮ್ಯಾಕ್ ಕೀ ಇಡಲು ಬರುತ್ತದೆ, ಅಲ್ಲಿ ಇಡಿ. ಯಾರದ್ದಾದರೂ ಫೋನ್ ನೀರಿಗೆ ಬಿದ್ದರೆ, ಬಸ್ಸಿನಲ್ಲಿ ಬಿಟ್ಟುಹೋದರೆ ಆ ಒಂದು ಕೀಯನ್ನು ರದ್ದು ಮಾಡಿದರಾಯಿತು.

ಕೀ ಎಂದರೆ ಆಪರೇಟಿಂಗ್ ಸಿಸ್ಟಂ ಕೊಡುವ ಯಾದೃಚ್ಛಿಕ ಬೈಟುಗಳು. ಊರಿನ ಹೆಸರಿನ ಮುಂದೆ 123 ಸೇರಿಸಿದ್ದು ಕೀ ಅಲ್ಲ. ಸಹಿ ಇರುವ ಒಂದೇ ಒಂದು ಸಂದೇಶ ಕೈಗೆ ಸಿಕ್ಕರೆ ಸಾಕು, ನಿಮ್ಮ ಸರ್ವರನ್ನು ಮುಟ್ಟದೆಯೇ ತನ್ನ ಮನೆಯಲ್ಲಿ ಕೂತು ಸೆಕೆಂಡಿಗೆ ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸಬಹುದು. 32 ಯಾದೃಚ್ಛಿಕ ಬೈಟಿನ ಎದುರು ಆ ಆಟ ನಡೆಯದು. ಪಾಸ್‌ವರ್ಡನ್ನು ಹ್ಯಾಶ್ ಮಾಡಿ ಇಟ್ಟ ಹಾಗೆ ಈ ಕೀಯನ್ನು ಇಡಲಾಗುವುದಿಲ್ಲ ಎಂಬುದನ್ನೂ ಗಮನಿಸಿ. ಲೆಕ್ಕ ಹಾಕಲು ಸರ್ವರಿಗೆ ಮೂಲ ಕೀಯೇ ಬೇಕು. ಆದ್ದರಿಂದ ಡೇಟಾಬೇಸಿನಲ್ಲಿ ಅದನ್ನು ಗೂಢಲಿಪಿಯಲ್ಲಿ ಇಡಿ, ಬಿಚ್ಚುವ ಕೀ ಬೇರೆ ಕಡೆ ಇರಲಿ. ಗಿಟ್‌ನಲ್ಲಿ ಬೇಡ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಖಂಡಿತ ಬೇಡ. ಬದಲಿಸುವ ದಿನಕ್ಕೆಂದು ಒಬ್ಬರಿಗೆ ಎರಡು ಕೀ ಸ್ವಲ್ಪ ಕಾಲ ಚಾಲ್ತಿಯಲ್ಲಿರುವಂತೆ ಮೊದಲೇ ಏರ್ಪಾಡು ಮಾಡಿ. ಕೀ-ಗುರುತು ಸೇರಿಸಿ ಎಂದದ್ದು ಅದಕ್ಕೇ.

ಒಂದು ಮಿತಿಯನ್ನು ನಿಮ್ಮ ಗ್ರಾಹಕರಿಗೆ ಮೊದಲೇ ಹೇಳಿಬಿಡಿ. ಸಹಿ ಎಂದು ಕರೆಯುತ್ತೇವೆ, ಆದರೆ ಎಚ್‌ಮ್ಯಾಕ್ ಕೈಬರಹದ ಸಹಿಯ ಹಾಗಲ್ಲ. ಕೀ ಎರಡೂ ಕಡೆ ಇರುತ್ತದೆ. ಬೋಟಿನವರು ‘ಈ ನಮೂದು ನಾನು ಹಾಕಿದ್ದಲ್ಲ, ನೀವೇ ಸರ್ವರಿನಲ್ಲಿ ಹುಟ್ಟಿಸಿದ್ದು’ ಎಂದರೆ ಮೂರನೆಯವರ ಮುಂದೆ ನೀವು ಸಾಬೀತು ಮಾಡಲಾರಿರಿ, ಯಾಕೆಂದರೆ ನಿಮಗೂ ಹುಟ್ಟಿಸಲು ಸಾಧ್ಯವಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿ ಎನ್ನುವುದು ಜೋಡಿ ಕೀಗಳ ವಿಧಾನವನ್ನು, ಅಲ್ಲಿ ಗುಟ್ಟಿನ ಕೀ ಒಬ್ಬರ ಕೈಯಲ್ಲಿ ಮಾತ್ರ. ನಿಮ್ಮದು ಹಣದ ತಕರಾರು ಬರುವ ವ್ಯವಹಾರ. ಈ ವರ್ಷ ಎಚ್‌ಮ್ಯಾಕ್‌ನಲ್ಲಿ ಶುರು ಮಾಡಿ, ಮುಂದಿನ ಮಳೆಗಾಲದ 61 ದಿನದ ನಿಷೇಧದ ಬಿಡುವಿನಲ್ಲಿ ಎಡ್25519 ಎಂಬ ಜೋಡಿ ಕೀ ಸಹಿಯ ಕಡೆಗೆ ಹೋಗುವ ಯೋಚನೆ ಮಾಡಿ. 2024ರಲ್ಲಿ ಬಂದ ಆರ್‌ಎಫ್‌ಸಿ 9421 ಎಚ್‌ಟಿಟಿಪಿ ಸಂದೇಶಕ್ಕೆ ಸಹಿ ಹಾಕುವ ಮಾನಕ, ಅದರಲ್ಲಿ ಎರಡಕ್ಕೂ ಜಾಗ ಇದೆ.

ಕೊನೆಗೆ, ಈ ವಾರ ಕುಳಿತು ಸರಿ ಮಾಡುವಾಗ ಹೊಂದದೇ ಇದ್ದರೆ ಹುಡುಕುವ ಕ್ರಮ. ಬಾಡಿಯದ್ದೂ ಸಹಿ ಹಾಕಿದ ಪಠ್ಯದ್ದೂ ಬೈಟ್ ಎಣಿಕೆ ಮತ್ತು ಎಸ್‌ಎಚ್‌ಎ-256ನ್ನು ಎರಡೂ ಕಡೆ ಲಾಗ್ ಮಾಡಿ. ಎಣಿಕೆ ಬೇರೆ ಇದ್ದರೆ ಪಠ್ಯದಲ್ಲೇ ದೋಷ. 1 ಮಾತ್ರ ಹೆಚ್ಚಿದ್ದರೆ ಕೊನೆಯ ಹೊಸಸಾಲು. ಟರ್ಮಿನಲಿನಲ್ಲಿ ಎಕೋ ಬಳಸಿ ಪರೀಕ್ಷಿಸುವವರಿಗೆ ಇದು ತಪ್ಪಿದ್ದಲ್ಲ. ಎಣಿಕೆ ಒಂದೇ ಇದ್ದು ಹ್ಯಾಶ್ ಬೇರೆ ಇದ್ದರೆ ಫೀಲ್ಡುಗಳ ಕ್ರಮ ನೋಡಿ. ಹ್ಯಾಶೂ ಒಂದೇ ಇದ್ದು ಸಹಿ ಬೇರೆ ಬಂದರೆ ಕೀಯಲ್ಲೇ ವ್ಯತ್ಯಾಸ: ಒಂದು ಕಡೆ 64 ಹೆಕ್ಸ್ ಅಕ್ಷರಗಳನ್ನು ಹಾಗೇ ಪಠ್ಯವಾಗಿ ಬಳಸುತ್ತಿದ್ದೀರಿ, ಇನ್ನೊಂದು ಕಡೆ ಅದನ್ನು 32 ಬೈಟಿಗೆ ಬಿಚ್ಚಿ ಬಳಸುತ್ತಿದ್ದೀರಿ. ಸರ್ವರ್ ಲೆಕ್ಕ ಹಾಕಿದ ಸರಿಯಾದ ಸಹಿಯನ್ನು ಮಾತ್ರ ಉತ್ತರದಲ್ಲಿ ಕಳಿಸಬೇಡಿ, ಪರೀಕ್ಷೆಗೆಂದು ಹಾಕಿದ ಆ ಸಾಲು ಮರೆತುಹೋಗುತ್ತದೆ.

ಪರೀಕ್ಷೆಗೆ ಬಂಗುಡೆ, ಬೂತಾಯಿ, ಕೋಟ, ರ‍್ಯಾಂಕ್, ಓರೆಗೆರೆ ಇರುವ ಒಂದು ದಿನಾಂಕ, 250.0 ಎಂಬ ದರ, ಒಂದು ಖಾಲಿ ಆಬ್ಜೆಕ್ಟ್, ಇಷ್ಟನ್ನೂ ಹಾಕಿ. ಎಲ್ಲ ಹೊಂದಿದರೆ ಧಕ್ಕೆಗೆ ಹೋಗಿ ಸಿಗ್ನಲ್ ಕಡಿಮೆ ಇರುವ ಮೂಲೆಯಲ್ಲಿ ನಿಂತು ಮತ್ತೊಮ್ಮೆ ಕಳಿಸಿ ನೋಡಿ. ಆಗಲೂ ತೊಡಕಿದ್ದರೆ ಎರಡೂ ಕಡೆಯ ಬೈಟ್ ಎಣಿಕೆ ಮತ್ತು ಹ್ಯಾಶ್ ಬರೆದು ನನಗೆ ಕಳಿಸಿ. ಕೀ ಕಳಿಸಬೇಡಿ, ನನಗೂ.